ಕಿವಿ ಮುಟ್ಟಿಕೊಂಡ ಚರ್ಚು

ತಿಳವಳ್ಳಿಯಿಂದ ಹೊರಟದ್ದು

ನಾನು ಹಾಲೆಂಡಿಗೆ ಹೋಗಿ ಬಂದೆ. ಬರೆಯುವಾಗಲೂ ನಗು ತಡೆಯಲಾಗುತ್ತಿಲ್ಲ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಹಾನಗಲ್ಲ ದಾಟಿ ಹುಬ್ಬಳ್ಳಿ ಮುಟ್ಟಿದರೆ ಅದೇ ದೊಡ್ಡ ಪ್ರವಾಸ ಎಂದುಕೊಂಡಿದ್ದವಳು. ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿರಿ, ಸಂತೋಷ ಮಾತ್ರ ತಿದ್ದಬೇಡಿರಿ.

ಹೋದದ್ದು ಮೊಮ್ಮಗಳ ಹಾಡು ಕೇಳಲಿಕ್ಕೆ. ಗಿರಿಜಾ ನನ್ನ ಮಗನ ಮಗಳು. ಹಿರೇಕೆರೂರಿನಲ್ಲಿ ಒಂದು ಬೀಜದ ಕಂಪನಿಯಲ್ಲಿ ಕೆಲಸ. ಟೊಮ್ಯಾಟೊ, ಬೆಂಡಿ, ಮೆಣಸಿನ ಹೂವಿಗೆ ಹೂವು ಕ್ರಾಸಿಂಗ್ ಮಾಡಿ ಬೀಜ ತೆಗೆಯುವ ರೈತರ ಹೊಲ ಸುತ್ತುವುದು ಅವಳ ನೌಕರಿ. ಸ್ಕೂಟಿಯ ಮೇಲೆ ಹಾರುತ್ತಾಳೆ, ನಿಂತುಕೊಂಡು ಉಣ್ಣುತ್ತಾಳೆ, ಫೋನಿನಲ್ಲಿ ಮಾತಾಡುತ್ತಲೇ ಜಡೆ ಹಾಕಿಕೊಳ್ಳುತ್ತಾಳೆ. ನೌಕರಿ ಹಿಡಿದ ಮೇಲೆ, ಇನ್ನೇನು ಮದುವೆ ಎಂದು ಎಲ್ಲರೂ ನೋಡುತ್ತಿರುವಾಗ, ನಾನು ಹಿಂದೂಸ್ತಾನಿ ಸಂಗೀತ ಕಲಿಯುತ್ತೇನೆ ಅಂದಳು.

ಸವಣೂರಿನ ವೆಂಕಣ್ಣ ಮಾಸ್ತರರ ಮನೆಗೆ ಮೊದಲ ದಿನ ನಾನೇ ಕರೆದುಕೊಂಡು ಹೋಗಿದ್ದೆ. ಮಾಸ್ತರರು ಅವಳನ್ನು ಮೇಲಿಂದ ಕೆಳಗೆ ನೋಡಿದರು.

"ಇಷ್ಟು ದೊಡ್ಡಾಕಿ ಆಗಿ ಬಂದೀಯಲ್ಲವಾ. ಸಣ್ಣವರ ಗಂಟಲ ಅಂದ್ರ ಹಸಿ ಗಡಿಗಿ ಇದ್ದಂಗ, ತಿದ್ದಲಿಕ್ಕೆ ಬರ್ತದ. ನಿಂದು ಸುಟ್ಟು ಗಟ್ಟಿ ಆಗೇದ."

ನನಗೆ ಸುಮ್ಮನಿರಲು ಆಗಲಿಲ್ಲ. "ನೀರು ನಿಲ್ಲೂದು ಸುಟ್ಟ ಗಡಿಗ್ಯಾಗರೀ ಮಾಸ್ತರ. ಹಸಿ ಗಡಿಗ್ಯಾಗ ಹಾಕಿದ್ರ ಕೆಸರ ಆಕ್ಕೈತಿ."

ಮಾಸ್ತರರು ಎಲೆ ಅಡಿಕೆಯ ಬಾಯಿ ಮುಚ್ಚಿಕೊಂಡು ನಕ್ಕರು. ಅಂದಿನಿಂದ ಪ್ರತಿ ಭಾನುವಾರ ನಾವಿಬ್ಬರೂ ಸವಣೂರಿನ ಬಸ್ಸು ಹತ್ತಿದೆವು. ಅವಳು ಒಳಗೆ ಕಲಿಯುವಾಗ ನಾನು ಬಾಗಿಲ ಕಟ್ಟೆಯ ಮೇಲೆ ಮೆಂತ್ಯೆ ಸೊಪ್ಪು ಸೋಸುತ್ತ ಕುಳಿತಿರುತ್ತಿದ್ದೆ. ವರ್ಷಗಳು ಹಾಗೇ ಹೋದವು. ಗುರುವಿನ ಹೆಸರು ಎತ್ತಿದರೆ ಕಿವಿಯ ತುದಿ ಮುಟ್ಟಿಕೊಳ್ಳಬೇಕು, ಅದು ಹಾಡುವವರ ರೀತಿ. ಗಿರಿಜಾ ಬಸ್ಸಿನಲ್ಲಿಯೂ ಮುಟ್ಟಿಕೊಳ್ಳುತ್ತಾಳೆ. ಒಮ್ಮೆ ಕಂಡಕ್ಟರ್, "ಕಿವ್ಯಾನ ಬೆಂಡೋಲಿ ಬಿತ್ತೇನ್ರಿ ಅಕ್ಕಾರ?" ಎಂದು ಸೀಟಿನ ಕೆಳಗೆ ಹುಡುಕಿಕೊಟ್ಟಿದ್ದ.

ಕಲಿತದ್ದೇನೋ ಬಂತು, ಅವಸರ ಮಾತ್ರ ಹೋಗಲಿಲ್ಲ. ತಂಬೂರಿ ಶುರುವಾದ ಕೂಡಲೇ ಬಾಯಿ ತೆರೆಯುತ್ತಾಳೆ. ನಿಧಾನ ಹಾಡಬೇಕಾದದ್ದು ಓಟ ಕೀಳುತ್ತದೆ. "ಬಸ್ಸು ತಪ್ಪಿದವರಂಗ ಹಾಡ್ತೀ. ಎಲ್ಲಿಗೆ ಹೊಂಟೀ?" ಎಂದು ಮಾಸ್ತರರು ತೊಡೆ ಬಡಿಯುತ್ತಿದ್ದರು. ಪ್ರತಿ ಗುರುಪೂರ್ಣಿಮೆಗೆ ಅವರ ಮನೆಯಲ್ಲಿ ಶಿಷ್ಯರೆಲ್ಲ ಹಾಡುತ್ತಾರೆ. ಇವಳ ನಂತರ ಸೇರಿದ ಮಕ್ಕಳೂ ಹಾಡಿದರು, ಇವಳಿಗೆ ಮಾತ್ರ ಅಪ್ಪಣೆ ಸಿಗಲಿಲ್ಲ. ಗಿರಿಜಾ ಪ್ರತಿ ವರ್ಷ ಚಾಪೆ ಹಾಸಿದಳು, ಚಹಾ ಕೊಟ್ಟಳು. ನಗುನಗುತ್ತಲೇ ಕೊಟ್ಟಳು. ಆದರೆ ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿರುತ್ತಿದ್ದಳು.

ಹೀಗಿರುವಾಗ ಹಾಲೆಂಡಿನಿಂದ ಅನೆಕೆ ಎಂಬ ಹೆಣ್ಣುಮಗಳು ನಮ್ಮ ಕಡೆಯ ಬೀಜದ ಹೊಲ ನೋಡಲು ಬಂದಿದ್ದಳು. ನಮ್ಮ ಮನೆಯಲ್ಲಿ ಉಂಡಳು, ಗಿರಿಜಾಳ ಹಾಡು ಕೇಳಿದಳು. ಮರುವರ್ಷ ಕಂಪನಿಯವರು ಗಿರಿಜಾಳನ್ನು ತರಬೇತಿಗೆಂದು ಆಕೆಯ ಊರಿಗೇ ಕಳಿಸುವುದಾಯಿತು. ತಮ್ಮೂರ ಚರ್ಚಿನಲ್ಲಿ ಒಂದು ಮಧ್ಯಾಹ್ನ ಹಾಡುತ್ತೀಯಾ ಎಂದು ಆಕೆ ಕೇಳಿ ಕಳಿಸಿದಳು. ಗಿರಿಜಾ ಹೆದರಿಕೊಂಡೇ ಮಾಸ್ತರರ ಅಪ್ಪಣೆ ಕೇಳಿದಳು.

ಮಾಸ್ತರರು ಬಹಳ ಹೊತ್ತು ಅಡಿಕೆ ಕತ್ತರಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. "ನೀಲವ್ವಾರ, ನೀವೂ ಹೋಗ್ರಿ."

"ನಾ ಯಾಕರೀ?"

"ನಂಗ ಆಗೂದಿಲ್ಲ, ಅದಕ್ಕ ನೀವು. ಒಂದ ನೋಡ್ಕೊಂಡು ಬರ್ರಿ. ತಂಬೂರಿ ಶುರು ಆದಮ್ಯಾಲೆ ಈಕಿ ಕೂತು ಕೇಳ್ತಾಳೋ, ಇಲ್ಲಾ ಬಾಯಿ ತಗದು ಓಡ್ತಾಳೋ. ಓಡಲಿಲ್ಲಾ ಅಂದ್ರ ಈ ಗುರುಪೂರ್ಣಿಮಾಕ್ಕ ಹಾಡ್ಲಿ."

"ರೆಕಾರ್ಡ್ ಮಾಡಿ ತರ್ತೇನ್ರಿ ಗುರೂಜಿ," ಅಂದಳು ಗಿರಿಜಾ.

"ಫೋನಿಗೆ ಏನು ತಿಳೀತದ? ನಿಮ್ಮ ಆಯಿ ಹೇಳ್ಲಿ."

"ನಾ ಮೊಮ್ಮಗಳ ಪರ ಮಾತಾಡಾಕಿರಿ," ಅಂದೆ.

"ಮಾತಾಡ್ರಿ. ಸುಳ್ಳು ಹೇಳಿದ್ರ ನಿಮ್ಮ ಮೂಗು ಕೆಂಪಾಗ್ತದ, ನೋಡೇನಿ ನಾನು."

ವಿಮಾನ ಇಳಿದಲ್ಲಿ

ವಿಮಾನದ ಸುದ್ದಿ ಬಿಡಿರಿ, ಅದರಲ್ಲಿ ಕಿಟಕಿ ತೆಗೆಯಲು ಬರುವುದಿಲ್ಲ ಎನ್ನುವುದೊಂದೇ ನನ್ನ ದೂರು. ಇಳಿದ ಮೇಲೆ ಒಬ್ಬ ಎತ್ತರದ ಅಧಿಕಾರಿ ನನ್ನ ಚೀಲ ಬಿಚ್ಚಿದ. ಒಳಗೆ ಬಟ್ಟೆಯಲ್ಲಿ ಕಟ್ಟಿದ ಕಡಕ್ ರೊಟ್ಟಿ. ಒಂದನ್ನು ಬೆರಳಿನಿಂದ ಬಡಿದ. ಟಣ್ ಅಂತು. ಅವನ ಹುಬ್ಬು ಮೇಲೆ ಹೋಯಿತು. ಇನ್ನೊಬ್ಬನನ್ನು ಕರೆದ, ಅವನೂ ಬಡಿದ. ಗಿರಿಜಾ ಇಂಗ್ಲಿಷಿನಲ್ಲಿ ಹೇಳುತ್ತಲೇ ಇದ್ದಳು, ಅವರು ಬಡಿಯುತ್ತಲೇ ಇದ್ದರು. ನನಗೆ ಸಾಕಾಯಿತು. ಒಂದು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು, ಉಳಿದ ತುಂಡನ್ನು ಅವನ ಕೈಗಿಟ್ಟೆ. ತಿಂದ. ಕಟಕಟ ಸಪ್ಪಳ ಅಲ್ಲಿದ್ದವರಿಗೆಲ್ಲ ಕೇಳಿತು. ಹೋಗಿರಿ ಎಂದು ಕೈ ಬೀಸಿದ. ಹಿಂತಿರುಗಿ ನೋಡಿದರೆ ಇನ್ನೂ ಅಗಿಯುತ್ತಿದ್ದ.

ಅನೆಕೆಯ ಮನೆ

ಅನೆಕೆ ನಮಗೆ ಅಟ್ಟದ ಮೇಲಿನ ಕೋಣೆ ಕೊಟ್ಟಿದ್ದಳು. ಅಲ್ಲಿಯ ಮೆಟ್ಟಿಲುಗಳನ್ನು ಮೆಟ್ಟಿಲು ಎಂದು ಹೇಗೆ ಕರೆಯಲಿ, ಗೋಡೆಗೆ ಆನಿಸಿದ ನಿಚ್ಚಣಿಕೆ. ಹತ್ತುವಾಗ ನೆಟ್ಟಗೆ, ಇಳಿಯುವಾಗ ಕೂಸಿನ ಹಾಗೆ ಹಿಂದುಮುಂದಾಗಿ. ಮನೆಯ ಕಿಟಕಿಗಳಿಗೆ ಪರದೆ ಇಲ್ಲ. ಬೀದಿಯಲ್ಲಿ ಹೋಗುವವರಿಗೆ ನಾವು ಉಣ್ಣುವುದು ಕಾಣುತ್ತದೆ, ಆದರೆ ಯಾರೂ ನೋಡುವುದಿಲ್ಲ! ನಮ್ಮಲ್ಲಿ ಪರದೆ ಹಾಕಿದರೂ ಸರಿಸಿ ನೋಡುವವರಿದ್ದಾರೆ. ನಾನು ಮಾತ್ರ ಸಂಜೆ ತಿರುಗಾಡುವಾಗ ಎಲ್ಲರ ಮನೆಯನ್ನೂ ಕಣ್ಣು ತುಂಬ ನೋಡಿದೆ. ಒಬ್ಬ ಅಜ್ಜ ಒಳಗಿನಿಂದಲೇ ನನಗೆ ಕೈ ಬೀಸಿದ.

ಬೆಳಗಿನ ನಾಷ್ಟಾಕ್ಕೆ ರೊಟ್ಟಿಯಲ್ಲ, ಬ್ರೆಡ್ಡು. ಅದರ ಮೇಲೆ ಬೆಣ್ಣೆ, ಬೆಣ್ಣೆಯ ಮೇಲೆ ಕರಿಯ ಕಾಳು ಉದುರಿಸಿದರು. ಸಾಸಿವೆಯ ಒಗ್ಗರಣೆ ಎಂದು ಖುಷಿಯಿಂದ ಕಚ್ಚಿದೆ. ಚಾಕಲೇಟು! ಹಾಲೆಂಡಿನ ದೊಡ್ಡ ದೊಡ್ಡ ಗಂಡಸರು ಇದನ್ನು ತಿಂದು ಕೆಲಸಕ್ಕೆ ಹೋಗುತ್ತಾರಂತೆ.

ಕಾಫಿಯ ಹೊತ್ತಿಗೆ ಅನೆಕೆ ಬಿಸ್ಕೀಟಿನ ಡಬ್ಬಿ ತೆಗೆದಳು. ಎಲ್ಲರೂ ಒಂದೊಂದು ತೆಗೆದುಕೊಂಡೆವು. ಟಪ್ಪೆಂದು ಮುಚ್ಚಿ ಕಪಾಟಿನಲ್ಲಿ ಇಟ್ಟಳು. ನಾನು ಗಿರಿಜಾಳ ಮುಖ ನೋಡಿದೆ.

"ಆಯಿ, ಇಲ್ಲಿ ಒಂದ ತಿನ್ನೂದು. ಅದು ಅವರ ರೀತಿ."

"ತಿನ್ರಿ ತಿನ್ರಿ ಅನ್ನೂದಿಲ್ಲೇನ?"

"ಅನ್ನೂದಿಲ್ಲ."

"ಬ್ಯಾಡ ಬ್ಯಾಡ ಅಂತ ನಾ ಯಾವಾಗ ಅನ್ನೂದು ಮತ್ತ?"

ಆಕೆ ಜಿಪುಣಿಯಲ್ಲ, ಅದನ್ನೂ ಹೇಳುತ್ತೇನೆ. ನನಗೆ ಚಳಿ ಎಂದು ತನ್ನ ಉಣ್ಣೆಯ ಕೋಟನ್ನೇ ಬಿಚ್ಚಿ ಕೊಟ್ಟವಳು. ಇಳಕಲ್ ಸೀರೆಯ ಮೇಲೆ ಆ ಹಸಿರು ಕೋಟು ಹಾಕಿಕೊಂಡು ನಾನು ಊರೆಲ್ಲ ತಿರುಗಿದೆ. ಡಬ್ಬಿ ಮಾತ್ರ ಒಮ್ಮೆಯೇ ತೆರೆಯುತ್ತಿತ್ತು.

ಗಾಜಿನ ಹೊಲ

ಗಿರಿಜಾ ತರಬೇತಿ ಪಡೆಯುವ ಕಡೆ ಒಂದು ದಿನ ನನ್ನನ್ನೂ ಕರೆದುಕೊಂಡು ಹೋದರು. ಹೊಲಕ್ಕೆ ಹೊಲವೇ ಗಾಜಿನ ಮನೆಯೊಳಗೆ ಇದೆ. ಟೊಮ್ಯಾಟೊ ಬಳ್ಳಿ ಹಗ್ಗ ಹಿಡಿದು ಚಾವಣಿಗೆ ಹೋಗಿದೆ, ಕಾಯಿ ಬಿಡಿಸುವವರು ತಳ್ಳುಗಾಡಿಯ ಮೇಲೆ ನಿಂತು ಮೇಲಕ್ಕೇರುತ್ತಾರೆ. ಮಣ್ಣೇ ಇಲ್ಲ. ನಾನು ಹುಡುಕಿದೆ, ಇಲ್ಲ.

ನಮ್ಮಲ್ಲಿ ಹೆಣ್ಣುಮಕ್ಕಳು ಕಣ್ಣು ಕಿರಿದು ಮಾಡಿಕೊಂಡು ಒಂದೊಂದು ಹೂವಿಗೂ ಪರಾಗ ಮುಟ್ಟಿಸುತ್ತೇವೆ. ಇಲ್ಲಿ ಕಾಯಿಯ ಬೆಳೆಗೆ ಆ ಕೆಲಸ ಮಾಡಲು ದುಂಬಿಗಳನ್ನು ಇಟ್ಟಿದ್ದಾರೆ. ಸಾಲುಸಾಲಿಗೆ ದುಂಬಿಯ ಪೆಟ್ಟಿಗೆ. ಬೆಳಿಗ್ಗೆ ಹೊರಟು ಹೂವೆಲ್ಲ ತಿರುಗಿ ಪೆಟ್ಟಿಗೆಗೆ ವಾಪಸು. ಅವುಗಳ ಸದ್ದು ಆ ಗಾಜಿನೊಳಗೆ ಒಂದೇ ಸಮನೆ ತುಂಬಿಕೊಂಡಿತ್ತು.

"ಕೇಳಲೇ, ದುಂಬಿ ತಂಬೂರಿ ಬಾರಿಸಾಕತ್ತಾವು," ಅಂದೆ.

ಗಿರಿಜಾ ಕಿವಿಗೊಟ್ಟಳೋ ಇಲ್ಲವೋ, ಕೂಡಲೇ ಹಾಡು ತೆಗೆದಳು. ಎರಡು ಉಸಿರಿನಲ್ಲಿ ಮೇಲಕ್ಕೆ ಹೋಗಿ ಕೆಳಗೆ ಬಂದಳು, ಗಡಿಯಾರ ನೋಡಿದಳು, "ನಡಿ ಆಯಿ, ಬಸ್ಸು ಹೋಕ್ಕೈತಿ," ಅಂದಳು. ಚರ್ಚಿನಲ್ಲೂ ಹೀಗೇ ಓಡಿದರೆ ಮಾಸ್ತರರಿಗೆ ನಾನೇ ಹೇಳಬೇಕು. ಹೇಳದೆ ಮುಚ್ಚಿಟ್ಟೇನೆಂದರೆ ಈ ಮೂಗು ಬಿಡುವುದಿಲ್ಲ.

ನೆರೆಮನೆಯ ಹುಟ್ಟುಹಬ್ಬ

ಹಾಡಿನ ಹಿಂದಿನ ದಿನ ನೆರೆಮನೆಯ ಹೆಂಗಸಿನ ಹುಟ್ಟುಹಬ್ಬ. ನಮ್ಮನ್ನೂ ಕರೆದರು. ಕುರ್ಚಿಗಳನ್ನು ಗುಂಡಗೆ ಇಟ್ಟು ಎಲ್ಲರೂ ಕುಳಿತಿದ್ದರು. ಒಳಗೆ ಬಂದವರು ಹುಟ್ಟುಹಬ್ಬದ ಹೆಂಗಸಿನ ಕೈ ಕುಲುಕಿದರು, ಅದು ಸರಿ. ಆಮೇಲೆ ಅವಳ ಗಂಡನ ಕೈ ಕುಲುಕಿ ಅಭಿನಂದನೆ ಹೇಳಿದರು. ಅವಳ ತಾಯಿಗೆ, ತಮ್ಮನಿಗೆ, ನೆರೆಯವಳಾದ ಅನೆಕೆಗೆ, ಕಡೆಗೆ ನನಗೂ! ಅಭಿನಂದನೆಗೆ ಅವರ ಭಾಷೆಯಲ್ಲಿ ಗಂಟಲಿನಿಂದ ಖರ್ ಎನ್ನುವ ಒಂದು ಉದ್ದನೆಯ ಮಾತು, ನನಗೆ ಇನ್ನೂ ಹೇಳಲು ಬರುವುದಿಲ್ಲ.

"ನನಗ್ಯಾಕ? ನಾ ಏನ್ ಮಾಡೇನಿ?"

"ನಿನ್ನ ಮಂದಿಗೆ ಛಲೋ ಆತಲ್ಲ, ನಿನಗೂ ಅಭಿನಂದನಾ ಅಂತ," ಗಿರಿಜಾ ತಿಳಿಸಿ ಹೇಳಿದಳು.

ನನಗೆ ಇದು ಬಹಳ ಹಿಡಿಸಿತು. ನಮ್ಮಲ್ಲಿ ಮಗ ಪಾಸಾದರೆ ಮಗನಿಗೆ ಪೇಢೆ. ದಿನಾ ಅವನ ಊಟದ ಡಬ್ಬಿ ಕಟ್ಟಿದ ತಾಯಿಯ ಕೈ ಯಾರು ಕುಲುಕುತ್ತಾರೆ? ಆ ದಿನ ನಾನೂ ಎದ್ದು ಒಂದು ಸುತ್ತು ಹಾಕಿ, ಕುರ್ಚಿಯ ಮೇಲಿದ್ದ ಬೆಕ್ಕನ್ನೂ ಬಿಡದೆ ಎಲ್ಲರಿಗೂ ಅಭಿನಂದನೆ ಹೇಳಿ ಬಂದೆ.

ಚರ್ಚಿನಲ್ಲಿ

ಅದು ಹಳೆಯ ಚರ್ಚು. ಎತ್ತರ ಎಂದರೆ ಕತ್ತು ನೋಯುವಷ್ಟು. ನಮ್ಮ ತಿಳವಳ್ಳಿಯ ಹಳೆಯ ಕಲ್ಲುಗುಡಿಯಲ್ಲಿ ಹುಡುಗರು ಕೂಗಿದರೆ ಕೂಗು ಸುತ್ತಿ ಬರುತ್ತದಲ್ಲ, ಇಲ್ಲಿ ನಾನು ಕೆಮ್ಮಿದರೂ ನನ್ನ ಕೆಮ್ಮು ಮೇಲೆ ಹೋಗಿ ತಿರುಗಿ ಬಂತು.

ತಬಲಾಕ್ಕೆ ಬೇರೆ ಊರಿನಿಂದ ರಾಧಾಕಿಶನ್ ಎಂಬ ಹುಡುಗ ಬಂದಿದ್ದ. ಅವನ ಮುತ್ತಜ್ಜನ ಅಜ್ಜ ಎಂದೋ ಹಿಂದೂಸ್ತಾನದಿಂದ ಕಬ್ಬಿನ ಕೆಲಸಕ್ಕೆ ಸಮುದ್ರದಾಚೆ ಸುರಿನಾಮ ಎಂಬಲ್ಲಿಗೆ ಹೋದವನಂತೆ, ಅಲ್ಲಿಂದ ಇವರು ಹಾಲೆಂಡಿಗೆ. ನನ್ನನ್ನು ಕಂಡವನೇ ಕಾಲು ಮುಟ್ಟಿ "ಆಜೀ" ಎಂದ. ಅವರ ಮನೆಯಲ್ಲಿ ಅಜ್ಜಿಗೆ ಹಾಗೇ ಅನ್ನುತ್ತಾರಂತೆ. ನನಗೆ ಕಣ್ಣಲ್ಲಿ ನೀರು ಬಂತು, ಒಂದು ರೊಟ್ಟಿ ಕೊಟ್ಟೆ.

ಜನ ಹೊತ್ತಿಗೆ ಸರಿಯಾಗಿ ಬಂದು ಬೆಂಚುಗಳಲ್ಲಿ ಕುಳಿತರು. ಮಾತಿಲ್ಲ, ಕಥೆಯಿಲ್ಲ. ಹಿಂದೆ ಯಾನ್ ಎಂಬವನು ಮೈಕಿನ ಯಂತ್ರದ ಮುಂದೆ. ಬಹಳ ಒಳ್ಳೆಯ ಮನುಷ್ಯ, ಗಿರಿಜಾಳ ಮೇಲಿನ ಕಣ್ಣು ತೆಗೆಯಲೊಲ್ಲ. ವೇದಿಕೆಯ ಮೇಲೆ ಅವಳಿಗೆ ಏನಾದರೂ ಕಡಿಮೆಯಾದರೆ ಎಂದು.

ಗಿರಿಜಾ ಕುಳಿತು ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿದಳು. ನನ್ನ ಗುರು ವೆಂಕಣ್ಣ ಮಾಸ್ತರರು ಎಂದಳು, ಕಿವಿ ಮುಟ್ಟಿಕೊಂಡಳು. ಹಿಂದೆ ಯಾನ್ ಒಂದು ಗುಂಡಿ ತಿರುಗಿಸಿದ. ಮಾಸ್ತರರ ಗುರುವಿನ ಹೆಸರು ಹೇಳಿದಳು, ಕಿವಿ ಮುಟ್ಟಿಕೊಂಡಳು. ಯಾನ್ ಮತ್ತೆ ತಿರುಗಿಸಿದ. ರಾಧಾಕಿಶನ್ ತನ್ನ ಉಸ್ತಾದರ ಹೆಸರು ಹೇಳಿ ತನ್ನ ಕಿವಿ ಹಿಡಿದುಕೊಂಡ. ಯಾನ್ ತಬಲಾದ ಗುಂಡಿಯನ್ನೂ ತಿರುಗಿಸಿದ. ಪಾಪ, ಅವನ ಲೆಕ್ಕದಲ್ಲಿ ಇಬ್ಬರೂ "ಕೇಳಸವಲ್ದು, ದನಿ ಇನ್ನಷ್ಟು ಏರಸು" ಎಂದು ಸನ್ನೆ ಮಾಡುತ್ತಿದ್ದಾರೆ! ಇದು ನಮಗೆಲ್ಲ ಆಮೇಲೆ ತಿಳಿದದ್ದು. ಆಗ ನನಗೆ ತಿಳಿದದ್ದಿಷ್ಟೇ: ಗಿರಿಜಾ ಎಂದಿನ ಅವಸರದಲ್ಲಿ ಬಾಯಿ ತೆರೆದಳು, ಸಾ ಎನ್ನುವಷ್ಟರಲ್ಲಿ ಮೈಕು ಕಿರುಚಿತು. ಅಂಥ ಕಿರುಚು ನಾನು ಜನ್ಮದಲ್ಲಿ ಕೇಳಿಲ್ಲ.

ಇಡೀ ಚರ್ಚು ಎರಡೂ ಕೈಯಿಂದ ಕಿವಿ ಮುಟ್ಟಿಕೊಂಡಿತು.

ಸುಳ್ಳೇಕೆ ಹೇಳಲಿ, ಒಂದು ಗಳಿಗೆ ನನ್ನ ಎದೆ ಉಬ್ಬಿತು. ನೋಡಿರಿ ಎಂಥ ಸಂಸ್ಕಾರವಂತ ಜನ, ನಮ್ಮ ಮಾಸ್ತರರ ಹೆಸರಿಗೆ ಊರಿಗೆ ಊರೇ ಕಿವಿ ಮುಟ್ಟಿಕೊಂಡಿತಲ್ಲ ಎಂದು ನಾನೂ ಮುಟ್ಟಿಕೊಂಡೆ. ಆಮೇಲೆ ಅವರ ಮುಖ ಕಂಡೆ.

ಯಾನ್ ಕೆಂಪಾಗಿ ವೈರು ಕಿತ್ತ. ಮತ್ತೆ ಹಚ್ಚಿದ, ಗೊರಗೊರ. ಕಿತ್ತ. ಅನೆಕೆ ಓಡಿ ಬಂದು ಮೈಕು ಇಲ್ಲದೆ ಹಾಡಲು ಆಗುತ್ತದೆಯೇ ಎಂದು ಕೇಳಿದಳು. ಗಿರಿಜಾಳ ಮುಖ ಬಿಳಿಚಿತ್ತು. ನನ್ನ ಕಡೆ ನೋಡಿದಳು. ಗುರುಪೂರ್ಣಿಮೆಯ ದಿನ ಚಹಾ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತ ಗಿರಿಜಾ ನನಗೆ ಅಲ್ಲಿ ಕಂಡಳು. ನಾನು ಕೈ ಸನ್ನೆ ಮಾಡಿದೆ, ಕುಂತ್ಕೋ, ಸುಮ್ಮನ ಕುಂತ್ಕೋ ಎಂದು.

ಅವಳ ಪಕ್ಕ ಒಂದು ಸಣ್ಣ ತಂಬೂರಿ ಪೆಟ್ಟಿಗೆ ಇತ್ತು, ಬ್ಯಾಟರಿಯ ಮೇಲೆ ನಡೆಯುವಂಥದ್ದು. ಅದು ಪಾಪ ಏನೂ ಆಗಿಲ್ಲವೆನ್ನುವಂತೆ ನುಡಿಯುತ್ತಲೇ ಇತ್ತು. ಮೈಕಿಲ್ಲದ ಆ ಮೆಲ್ಲನೆಯ ನಾದ ಮೇಲೆ ಹೋಯಿತು, ಕಮಾನುಗಳಿಗೆ ತಾಗಿ ಇಳಿಯಿತು, ಮತ್ತೆ ಹೋಯಿತು. ಉದ್ದ ಕಿಟಕಿಯ ಬಣ್ಣದ ಗಾಜಿನಿಂದ ಬಿಸಿಲು ಬೆಂಚುಗಳ ಮೇಲೆ ಬಿದ್ದಿತ್ತು. ನನ್ನ ಹಸಿರು ಕೋಟಿನ ತೋಳು ಕೆಂಪಗಾಗಿತ್ತು. ಅದನ್ನು ನೋಡುತ್ತ ಕುಳಿತೆ. ಗಾಜಿನ ಹೊಲದ ದುಂಬಿಗಳು ನೆನಪಾದವು. ಕಟ್ಟೆಯ ಮೇಲೆ ಸೊಪ್ಪು ಸೋಸಿದ ಭಾನುವಾರಗಳು ನೆನಪಾದವು.

ತಲೆ ಎತ್ತಿದಾಗ ಗಿರಿಜಾ ಹಾಡುತ್ತಿದ್ದಳು.

ಭೀಮಪಲಾಸ. ಮಧ್ಯಾಹ್ನದ ರಾಗ, ಹೊತ್ತಿಗೆ ಸರಿಯಾದದ್ದು. ಒಂದು ಸ್ವರ ಬಿಟ್ಟರೆ ಚರ್ಚು ಅದನ್ನು ತನ್ನ ಬಳಿ ಇಟ್ಟುಕೊಂಡು ನಿಧಾನ ಹಿಂದಕ್ಕೆ ಕೊಡುತ್ತದೆ. ಅದು ಬರುವ ಮೊದಲೇ ಮುಂದಿನದನ್ನು ಹಾಡಿದರೆ ಎರಡೂ ಕಲಸಿಹೋಗುತ್ತವೆ. ಕಾಯಲೇಬೇಕು. ಸ್ಕೂಟಿಯ ಮೇಲೆ ಹಾರುವ ನನ್ನ ಮೊಮ್ಮಗಳು ಕಾಯುತ್ತಿದ್ದಳು! ಕಣ್ಣು ಮುಚ್ಚಿ, ಅಂಗೈ ತೆರೆದು, ಹೋದ ಸ್ವರ ಮನೆಗೆ ಬರಲಿ ಎಂದು. ರಾಧಾಕಿಶನ್ ತಬಲಾವನ್ನು ಬಾರಿಸಿದನೋ ಸವರಿದನೋ. ನಾನು ಎಲ್ಲಿದ್ದೆ, ಏಕೆ ಬಂದಿದ್ದೆ, ಒಂದೂ ನೆನಪಿರಲಿಲ್ಲ.

ಮುಗಿದಾಗ ಎಲ್ಲರೂ ಎದ್ದು ನಿಂತರು. ಅಯ್ಯ, ಇಷ್ಟು ಬೇಗ ಮನೆಗೆ ಹೊರಟರಲ್ಲ ಎಂದು ಗಾಬರಿಯಾದೆ. ಇಲ್ಲ, ನಿಂತುಕೊಂಡೇ ಚಪ್ಪಾಳೆ ಹೊಡೆಯುತ್ತಾರೆ. ಹೊಡೆದರು, ಹೊಡೆದರು. ಆಮೇಲೆ ಸಾಲಾಗಿ ನನ್ನ ಕಡೆಗೆ ಬಂದರು. ಒಬ್ಬೊಬ್ಬರೂ ನನ್ನ ಕೈ ಹಿಡಿದು ಆ ಖರ್ ಎನ್ನುವ ಮಾತು ಹೇಳಿದರು. ಮೊಮ್ಮಗಳಿಗಾಗಿ ಅಜ್ಜಿಗೆ ಅಭಿನಂದನೆ. ಕಿಟಕಿಯೊಳಗಿನಿಂದ ಕೈ ಬೀಸಿದ್ದ ಅಜ್ಜನೂ ಬಂದಿದ್ದ. ಯಾನ್ ಕಡೆಗೆ ಬಂದು ಏನೋ ಹೇಳಿ ತಲೆ ತಗ್ಗಿಸಿದ. ಕಿವಿಯ ಸಂಗತಿ ಅವನಿಗೂ ನಮಗೂ ತಿಳಿದದ್ದು ಆಗಲೇ. ಅವನು ನಕ್ಕ ನಗೆಯನ್ನು ಚರ್ಚು ಎರಡು ಸಲ ನಕ್ಕಿತು.

ಮನೆಗೆ ಬಂದು ಕಾಫಿ ಕುಡಿಯುವಾಗ ಅನೆಕೆ ಡಬ್ಬಿ ತೆರೆದಳು. ಒಂದೊಂದು ತೆಗೆದುಕೊಂಡೆವು. ಡಬ್ಬಿ ಮೇಜಿನ ಮೇಲೆಯೇ ಉಳಿಯಿತು, ಬಾಯಿ ತೆರೆದುಕೊಂಡು. ಆಕೆ ಅದನ್ನು ನನ್ನ ಕಡೆ ಸರಿಸಿದಳು. ನಾನು, "ಬ್ಯಾಡ ಬ್ಯಾಡ" ಎಂದು ಎರಡು ಸಲ ಹೇಳಿ ತೆಗೆದುಕೊಂಡೆ.

ಸವಣೂರು

ಅನೆಕೆಯ ಮನೆಯಲ್ಲಿ ಆ ಬಿಸ್ಕೀಟು ತಿನ್ನುವಾಗಲೇ ಗಿರಿಜಾ ಕೇಳಿದಳು, "ಆಯಿ, ನಾ ಓಡಿದ್ನೇನ?"

ಬಾಯಿಗೆ ಒಯ್ದದ್ದನ್ನು ಕೆಳಗಿಟ್ಟೆ. ಮೈಕಿನ ಮುಂದೆ ಓಡಿದ್ದಳು, ಅದನ್ನು ಕಂಡಿದ್ದೆ. ಎರಡನೇ ಸಲ? ತಂಬೂರಿ ಎಷ್ಟು ಹೊತ್ತು ನುಡಿಯಿತು, ಇವಳು ಯಾವಾಗ ಬಾಯಿ ತೆರೆದಳು? ಅದೊಂದನ್ನು ನೋಡಿಕೊಂಡು ಬಾ ಎಂದು ಸಮುದ್ರ ದಾಟಿಸಿ ಕಳಿಸಿದ್ದರು. ನಾನು ಕೋಟಿನ ತೋಳು ನೋಡುತ್ತ ಕುಳಿತಿದ್ದೆ. ವಿಮಾನದಲ್ಲೆಲ್ಲ ನೆನಪಿಸಿಕೊಂಡೆ, ಸಿಗಲಿಲ್ಲ. ಹಾನಗಲ್ಲಿನ ಬಸ್ಸಿನಲ್ಲಿ ನೆನಪಿಸಿಕೊಂಡೆ, ಸಿಗಲಿಲ್ಲ.

ಸವಣೂರಿನಲ್ಲಿ ಮಾಸ್ತರರು ಎಲೆಗೆ ಸುಣ್ಣ ಹಚ್ಚುತ್ತ ಕುಳಿತಿದ್ದರು. ನಾನು ಬಾಗಿಲ ಕಟ್ಟೆಯ ಮೇಲಿನಿಂದಲೇ ಮೈಕಿನ ಕಥೆ ಹೇಳಿದೆ. ಊರೆಲ್ಲ ಕಿವಿ ಮುಟ್ಟಿಕೊಂಡಿತು ಅಂದಾಗ ನಕ್ಕು ನಕ್ಕು ಎಲೆ ಕೈಯಿಂದ ಬಿತ್ತು. ಕಣ್ಣೊರೆಸಿಕೊಂಡು ಕೇಳಿದರು.

"ಅದು ಮೊದಲನೇ ಸಲ. ಓಡಿದ್ಲು, ಆತು. ಆಮ್ಯಾಲೆ ಕೂತಾಗ? ತಂಬೂರಿ ಕೇಳಿದ್ಲೋ, ಅದಕ್ಕಿಂತ ಮೊದಲ ಬಾಯಿ ತಗದ್ಲೋ?"

ಗಿರಿಜಾ ನೆಲ ನೋಡುತ್ತಿದ್ದಳು. ನನ್ನ ಮೂಗು ಬಿಸಿಯಾಯಿತು.

"ತಪ್ಪಾತ್ರಿ ಮಾಸ್ತರ. ನೋಡಬೇಕಂತ ಕುಂತಿದ್ದೆ. ತಂಬೂರಿ ನುಡ್ಯಾಕತ್ತಿತ್ತು. ಆಮ್ಯಾಲ ನೋಡ್ತೇನಿ, ಈಕಿ ಹಾಡಾಕತ್ತಾಳ. ನಡುವ ಯಾವಾಗ ಶುರು ಮಾಡಿದ್ಲು ನನಗ ಗೊತ್ತಾಗಲಿಲ್ಲರಿ."

"ಗೊತ್ತ ಆಗಲಿಲ್ಲ?"

"ಇಲ್ರಿ. ತಂಬೂರಿ ಎಲ್ಲಿ ಮುಗೀತು, ಈಕಿ ಎಲ್ಲಿ ಶುರು ಆದ್ಲು, ಒಂದೂ ತಿಳೀಲಿಲ್ಲ. ಬೇಕಾದ್ರ ಬೈರಿ."

ಮಾಸ್ತರರು ಬಿದ್ದ ಎಲೆಯನ್ನು ಎತ್ತಿಕೊಂಡರು, ಒರೆಸಿದರು, ಮಡಿಸಿದರು. ಬಾಯಿಗೆ ಹಾಕಿಕೊಳ್ಳಲಿಲ್ಲ.

"ಗಿರಿಜಾ," ಅಂದರು. "ಗುರುಪೂರ್ಣಿಮಾಕ್ಕ ಚಾಪಿ ಹಾಸ್ಲಿಕ್ಕೆ ಬ್ಯಾರೆ ಯಾರಿಗರೆ ಹೇಳವಾ."

ಗಿರಿಜಾಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಅವಳು ಅವರ ಕಾಲಿಗೆ ಬಿದ್ದಳು, ಏಳಲೇ ಇಲ್ಲ.

ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ಹಾಲೆಂಡು ಇನ್ನೂ ಮೈಯಲ್ಲಿತ್ತು. ಕಟ್ಟೆಯಿಂದೆದ್ದು ಒಳಗೆ ಹೋಗಿ, ಮಡಿವಂತ ಮಾಸ್ತರರ ಸುಣ್ಣದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಗಟ್ಟಿಯಾಗಿ ಕುಲುಕಿಬಿಟ್ಟೆ.

"ಇದೇನ್ರಿ ನೀಲವ್ವಾರ!"

"ಅಲ್ಲೆ ಹಿಂಗ ಮಾಡ್ತಾರ್ರಿ. ನಿಮ್ಮ ಶಿಷ್ಯಾ ಛಲೋ ಹಾಡಿದ್ಲು, ನಿಮಗ ಅಭಿನಂದನ್ರಿ ಮಾಸ್ತರ."

ಮಾಸ್ತರರು ಕೈ ಬಿಡಿಸಿಕೊಳ್ಳಲಿಲ್ಲ. ಇಷ್ಟು ವರ್ಷ ಇಷ್ಟು ಮಂದಿಗೆ ಕಲಿಸಿದ ಅವರಿಗೆ ಯಾರಾದರೂ ಹೀಗೆ ಹೇಳಿದ್ದರೋ ಇಲ್ಲವೋ. ಇನ್ನೊಂದು ಕೈ ಮೆಲ್ಲಗೆ ಮೇಲೆದ್ದು ತಮ್ಮ ಕಿವಿಯ ತುದಿಯನ್ನು ಮುಟ್ಟಿಕೊಂಡಿತು.